ಹಿಮದ ನಾಡಿನ ಪ್ರೇಮಕಥೆ: ಒಂದು ಗುಣದೋಷ ವಿಚಾರ

ಕಥೆ ಕೇಳಬೇಕೆಂಬ ಹಂಬಲ ಮನುಷ್ಯನಿಗೆ ಹಸಿವು ನೀರಡಿಕೆಗಳಷ್ಟೇ ಸಹಜವಾದುದು. ಶ್ರಾವಣ ಮಾಸದಲ್ಲಿ ಮಠದ ಅಂಗಳದಲ್ಲಿ ಪುರಾಣ ಪ್ರವಚನ ನಡೆಯುವಾಗಲೂ, ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ಆಟ ಕಟ್ಟುವಾಗಲೂ ನಮ್ಮ ಹಿರಿಯರು ನಿದ್ದೆಗೆಟ್ಟು ಕುಳಿತರು, ಕೇಳಿದರು, ಅತ್ತರು. ಬಳಿಕ ವೃತ್ತಿನಾಟಕದ ಕಂಪನಿಗಳು ಬಂದವು, ಚಲನಚಿತ್ರ ಬಂದಿತು, ಆಕಾಶವಾಣಿ, ದೂರದರ್ಶನಗಳು ಬಂದವು. ಕಥೆ ಹೇಳುವ ಪೀಠ ಬದಲಾಯಿತೇ ಹೊರತು ಕೇಳುವ ಕಿವಿಯ ಆಸೆ ಬದಲಾಗಲಿಲ್ಲ. ಈಗ ನಮ್ಮ ಮನೆಗಳ ಹೆಣ್ಣುಮಕ್ಕಳು, ಅದರಲ್ಲೂ ಪಟ್ಟಣವಾಸಿಗಳಾದ ಸೊಸೆಯರು ಮತ್ತು ಮೊಮ್ಮಕ್ಕಳು, ಸಾವಿರಾರು ಮೈಲಿ ದೂರದ ಕೊರಿಯಾ ದೇಶದ ಧಾರಾವಾಹಿಗಳನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಇದನ್ನು ಕಂಡ ಹಿರಿಯರಲ್ಲಿ ಕೆಲವರು "ಕಾಲ ಕೆಟ್ಟಿತು" ಎನ್ನುತ್ತಾರೆ. ಕೆಲವರು "ನಮಗೇಕೆ ಆ ಗೊಡವೆ" ಎಂದು ಕೋಣೆ ಸೇರುತ್ತಾರೆ. ಎರಡೂ ಸರಿಯಾದ ದಾರಿಯಲ್ಲ. ನೋಡದೆ ತೆಗಳುವುದು ವಿಚಾರವಂತರ ಲಕ್ಷಣವಲ್ಲ. ಮನೆಯ ಮಕ್ಕಳ ಮನಸ್ಸು ಎಲ್ಲಿ ಹರಿಯುತ್ತಿದೆ ಎಂಬುದನ್ನು ಅರಿಯದಿರುವುದು ಹಿರಿತನದ ಲಕ್ಷಣವಲ್ಲ. ಆದುದರಿಂದ ಅಂತಹ ಒಂದು ಧಾರಾವಾಹಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಅದರ ಗುಣದೋಷಗಳನ್ನು ಓದುಗ ಬಂಧುಗಳ ಮುಂದಿಡಬೇಕೆಂದು ನಾವು ಬಯಸಿದೆವು.

ಇದಕ್ಕೆ ಅವಕಾಶ ಒದಗಿದುದು ಬೆಂಗಳೂರಿನ ಪೂರ್ವದಂಚಿನ ಕುಂದಲಹಳ್ಳಿಯಲ್ಲಿ. ಅಲ್ಲಿ ನಮ್ಮ ಅಕ್ಕನ ಮಗ ಮಡದಿ ಮಕ್ಕಳೊಡನೆ ಬಹುಮಹಡಿಯ ಕಟ್ಟಡವೊಂದರಲ್ಲಿ ವಾಸವಾಗಿದ್ದಾನೆ. ಗಂಡ ಹೆಂಡಿರಿಬ್ಬರೂ ತಂತ್ರಾಂಶದ ಉದ್ಯೋಗಿಗಳು. ತಿಪಟೂರಿನ ಕಡೆಯ ತೆಂಗಿನ ತೋಟದ ಮನೆಯಲ್ಲಿ ಒಬ್ಬರೇ ಉಳಿದಿದ್ದ ನಮ್ಮ ಅಕ್ಕನವರನ್ನು ಎರಡು ವರ್ಷಗಳ ಹಿಂದೆ ಅವರು ತಮ್ಮಲ್ಲಿಗೆ ಕರೆತಂದರು. ಕಳೆದ ಮಳೆಗಾಲದಲ್ಲಿ ಹಸ್ತಪ್ರತಿಯೊಂದರ ಕೆಲಸಕ್ಕಾಗಿ ಬೆಂಗಳೂರಿಗೆ ಹೋದ ನಾವು ಕೆಲವು ವಾರ ಅಲ್ಲಿಯೇ ಉಳಿದೆವು. ಒಂದು ಕಾಲಕ್ಕೆ ಹೊಲ, ತೋಪು, ಕೆರೆಗಳ ಹಳ್ಳಿಯಾಗಿದ್ದ ಕುಂದಲಹಳ್ಳಿಯ ಸುತ್ತ 1990ರ ದಶಕದಲ್ಲಿ ವೈಟ್‌ಫೀಲ್ಡಿನ ತಂತ್ರಜ್ಞಾನ ಉದ್ಯಾನ ತಲೆಯೆತ್ತಿದ ಮೇಲೆ ಗಾಜಿನ ಸೌಧಗಳು ಬೆಳೆದವು. 2023ರಲ್ಲಿ ಮೆಟ್ರೋ ರೈಲು ಬಂದು, ಊರಿನ ಹೆಸರು ನಿಲ್ದಾಣದ ಫಲಕವನ್ನೇರಿತು. ಹೊರವರ್ತುಲ ರಸ್ತೆಯ ದೊಡ್ಡನೆಕ್ಕುಂದಿ ಅಲ್ಲಿಂದ ಬಹಳ ದೂರವೇನಲ್ಲ. ಕೊರಿಯಾದ ಸ್ಯಾಮ್‌ಸಂಗ್ ಸಂಸ್ಥೆಯ ಸಂಶೋಧನಾ ಕೇಂದ್ರ ಅಲ್ಲಿದೆ. ಹೀಗೆ ಮನೆಯ ಶೀತಕಪೆಟ್ಟಿಗೆಯಿಂದ ಕೈಯ ದೂರವಾಣಿಯವರೆಗೆ ಕೊರಿಯಾ ಮೊದಲು ವಸ್ತುವಾಗಿ ಬಂದಿತು. ಕಥೆಯಾಗಿ ಬಂದುದು ಆ ಮೇಲೆ.

ಕಥೆಯ ಈ ಪ್ರವಾಹಕ್ಕೆ 'ಹಾಲ್ಯು', ಎಂದರೆ ಕೊರಿಯಾದ ಅಲೆ, ಎಂದು ಹೆಸರು. 2021ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಈ ಶಬ್ದವನ್ನೂ ಒಳಗೊಂಡಂತೆ ಇಪ್ಪತ್ತಕ್ಕೂ ಹೆಚ್ಚು ಕೊರಿಯನ್ ಮೂಲದ ಶಬ್ದಗಳನ್ನು ಒಮ್ಮೆಗೇ ಸೇರಿಸಿಕೊಂಡಿತು. ನಮ್ಮ ದೇಶದಲ್ಲಿ ಈ ಅಲೆ ಮೊದಲು ಮುಟ್ಟಿದುದು ಈಶಾನ್ಯದ ಗುಡ್ಡಗಾಡನ್ನು. 2000ನೆಯ ಇಸವಿಯಲ್ಲಿ ಮಣಿಪುರದ ಬಂಡಾಯ ಸಂಘಟನೆಯೊಂದು ಹಿಂದಿ ಚಿತ್ರಗಳಿಗೆ ನಿಷೇಧ ಹಾಕಿದಾಗ ಆ ತೆರವನ್ನು ಕೊರಿಯಾದ ವಾಹಿನಿ ತುಂಬಿತು. ಉಳಿದ ಭಾರತಕ್ಕೆ ಅದು ವ್ಯಾಪಕವಾಗಿ ಹಬ್ಬಿದುದು 2020ರ ಮಹಾಮಾರಿಯ ದಿನಗಳಲ್ಲಿ, ಜನರೆಲ್ಲ ಮನೆಯೊಳಗೆ ಬಂದಿಗಳಾಗಿದ್ದಾಗ. ಅದೇ ವರ್ಷ ಕೊರಿಯಾದ ಚಲನಚಿತ್ರವೊಂದಕ್ಕೆ ಆಸ್ಕರ್ ಪ್ರಶಸ್ತಿ ಬಂದಿತು. ನಮ್ಮ ರಾಷ್ಟ್ರೀಯ ಶಿಕ್ಷಣ ನೀತಿ ಮಕ್ಕಳು ಕಲಿಯಬಹುದಾದ ವಿದೇಶಿ ಭಾಷೆಗಳ ಸಾಲಿನಲ್ಲಿ ಕೊರಿಯನ್ನನ್ನೂ ಹೆಸರಿಸಿತು. 2024ರಲ್ಲಿ ಆ ದೇಶದ ಲೇಖಕಿ ಹಾನ್ ಕಾಂಗ್ ಅವರಿಗೆ ಸಾಹಿತ್ಯದ ನೊಬೆಲ್ ಪುರಸ್ಕಾರ ಸಂದಿತು. ಇಷ್ಟು ಜೀವಂತಿಕೆಯುಳ್ಳ ಜನರ ಕಥನವನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವುದು ಸಾಧುವಲ್ಲ.

ನಾವು ನೋಡಿದುದು 'ವಿಂಟರ್ ಸೊನಾಟಾ' ಎಂದು ಲೋಕಪ್ರಸಿದ್ಧವಾದ ಧಾರಾವಾಹಿಯನ್ನು. ಮೂಲದ ಹೆಸರಿಗೆ 'ಚಳಿಗಾಲದ ಪ್ರೇಮಗೀತ' ಎಂಬ ಅರ್ಥ ಬರುತ್ತದೆ. 2002ರ ಜನವರಿಯಿಂದ ಮಾರ್ಚ್‌ವರೆಗೆ ಕೆ.ಬಿ.ಎಸ್. ಎಂಬ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಇದನ್ನು ಇಪ್ಪತ್ತು ಕಂತುಗಳಲ್ಲಿ ಬಿತ್ತರಿಸಿತು. ನಿರ್ದೇಶಕರು ಯೂನ್ ಸೊಕ್-ಹೊ. ನಾಲ್ಕು ಋತುಗಳ ಹೆಸರಿನಲ್ಲಿ ನಾಲ್ಕು ಪ್ರೇಮಕಥೆಗಳನ್ನು ನಿರ್ಮಿಸಿದವರು. ನಾಯಕನ ಪಾತ್ರ ಬೆ ಯೊಂಗ್-ಜುನ್ ಅವರದು. ನಾಯಕಿ ಚೊಯ್ ಜಿ-ವೂ. 2003 ಮತ್ತು 2004ರಲ್ಲಿ ಜಪಾನಿನ ಎನ್.ಎಚ್.ಕೆ. ಇದನ್ನು ಪ್ರಸಾರ ಮಾಡಿದಾಗ ಅಲ್ಲಿನ ನಡುವಯಸ್ಸಿನ ಗೃಹಿಣಿಯರು ಮಾರುಹೋದರು. 2004ರ ನವೆಂಬರಿನಲ್ಲಿ ನಾಯಕನಟ ಜಪಾನಿಗೆ ಬಂದಿಳಿದಾಗ ವಿಮಾನ ನಿಲ್ದಾಣದಲ್ಲಿ ಸಾವಿರಾರು ಮಂದಿ ನೆರೆದರು. ಕೊರಿಯಾವನ್ನು 1910ರಿಂದ 1945ರವರೆಗೆ ಆಳಿ, ಅದರ ಭಾಷೆಯನ್ನೇ ಅಡಗಿಸಲು ಯತ್ನಿಸಿದ ದೇಶ ಜಪಾನು. ಆಳಿಸಿಕೊಂಡವರ ಪ್ರೇಮಕಥೆಗೆ ಆಳಿದವರ ಮನೆಯ ತಾಯಂದಿರು ಕಣ್ಣೀರು ಸುರಿಸಿದರು. ಸೈನ್ಯವೂ ಸಂಧಾನವೂ ಮಾಡಲಾರದ ಕೆಲಸವನ್ನು ಒಂದು ಕಥೆ ಸ್ವಲ್ಪಮಟ್ಟಿಗಾದರೂ ಮಾಡಿತು.

ಕಥಾಸಾರವಿಷ್ಟು: ಚುಂಚೊನ್ ಎಂಬ ಊರಿನ ಪ್ರೌಢಶಾಲೆಗೆ ಜುನ್-ಸಾಂಗ್ ಎಂಬ ಮಿತಭಾಷಿ ಹುಡುಗ ಬರುತ್ತಾನೆ. ತನ್ನ ತಂದೆ ಯಾರೆಂಬುದನ್ನು ತಾಯಿ ಅವನಿಗೆ ಹೇಳಿಲ್ಲ. ಆ ತಂದೆಯನ್ನು ಹುಡುಕುತ್ತ ಬಂದವನು ಅವನು. ಅಲ್ಲಿ ಯೂ-ಜಿನ್ ಎಂಬ ಹುಡುಗಿಯಲ್ಲಿ ಅವನಿಗೆ ಅನುರಾಗ ಮೂಡುತ್ತದೆ. ವರ್ಷದ ಕೊನೆಯ ರಾತ್ರಿ ಭೇಟಿಯಾಗುವ ಮಾತಾಗಿರುತ್ತದೆ. ಅವಳು ಹಿಮದಲ್ಲಿ ಕಾಯುತ್ತಾಳೆ. ಅವನು ಬರುವ ದಾರಿಯಲ್ಲಿ ವಾಹನಕ್ಕೆ ಸಿಕ್ಕುತ್ತಾನೆ. ಸತ್ತನೆಂದೇ ಎಲ್ಲರೂ ನಂಬುತ್ತಾರೆ. ಹತ್ತು ವರ್ಷ ಕಳೆದು, ಬಾಲ್ಯಸ್ನೇಹಿತ ಸಾಂಗ್-ಹ್ಯೋಕ್ ಎಂಬವನೊಡನೆ ಅವಳ ನಿಶ್ಚಿತಾರ್ಥ ನಡೆಯುವ ವೇಳೆಗೆ, ಅದೇ ಮುಖದ ಮಿನ್-ಹ್ಯೋಂಗ್ ಎಂಬ ವಾಸ್ತುಶಿಲ್ಪಿ ಅಮೆರಿಕದಿಂದ ಬರುತ್ತಾನೆ. ಅವನೇ ಇವನು, ಆದರೆ ಹಿಂದಿನ ನೆನಪಿಲ್ಲ. ಸ್ಮೃತಿ ನಷ್ಟವಾದ ಮಗನಿಗೆ ತಾಯಿಯೇ ವೈದ್ಯನ ಮೂಲಕ ಹೊಸ ಹೆಸರು, ಹೊಸ ಬಾಲ್ಯಗಳನ್ನು ಕಟ್ಟಿಕೊಟ್ಟಿದ್ದಾಳೆ. ಇನ್ನೊಂದು ಅಪಘಾತದಿಂದ ನೆನಪು ಮರಳುತ್ತದೆ. ಆಗ ತಾಯಿ ಮತ್ತೊಂದು ಸುಳ್ಳು ಹೇಳುತ್ತಾಳೆ. ಯೂ-ಜಿನ್‌ಳ ತೀರಿಹೋದ ತಂದೆಯೇ ನಿನ್ನ ತಂದೆ ಎನ್ನುತ್ತಾಳೆ. ಅಣ್ಣ ತಂಗಿಯರೆಂಬ ಭಯದಿಂದ ಪ್ರೇಮಿಗಳು ಅಗಲುತ್ತಾರೆ. ನಿಜವಾಗಿ ಅವನು ಸಾಂಗ್-ಹ್ಯೋಕನ ತಂದೆಯ ಮಗನೆಂದು ತಡವಾಗಿ ತಿಳಿಯುತ್ತದೆ. ಅಷ್ಟರಲ್ಲಿ ತಲೆಯ ಗಾಯ ಉಲ್ಬಣಿಸಿ, ಅದನ್ನು ಅವಳಿಂದ ಮರೆಮಾಚಿ ಅವನು ಚಿಕಿತ್ಸೆಗೆ ಹೊರಟುಹೋಗುತ್ತಾನೆ. ಮೂರು ವರ್ಷಗಳ ಮೇಲೆ, ಅವಳು ಎಂದೋ ಕಲ್ಪಿಸಿದ್ದ ಮನೆಯನ್ನು ಯಾರೋ ಕಟ್ಟಿಸಿರುವುದನ್ನು ಕಂಡು ಒಳಹೊಕ್ಕರೆ, ಅಲ್ಲಿ ಅವನಿದ್ದಾನೆ, ದೃಷ್ಟಿ ಕಳೆದುಕೊಂಡು.

ಮೊದಲು ಗುಣಗಳನ್ನು ಹೇಳಬೇಕು. ಇದರ ಮೊದಲನೆಯ ಗುಣ ಸಂಯಮ. ಪ್ರೇಮಕಥೆಯೆಂದರೆ ಅಂಗಾಂಗ ಪ್ರದರ್ಶನವೆಂದು ತಿಳಿದವರಿಗೆ ಇಲ್ಲಿ ಆಶ್ಚರ್ಯ ಕಾದಿದೆ. ಕೈಗವಸನ್ನು ಕೊಡುವುದು, ಹಿಮದಲ್ಲಿ ಜೊತೆಯಾಗಿ ನಡೆಯುವುದು, ಪಿಯಾನೋದ ಮೇಲೆ ಒಂದು ರಾಗ ನುಡಿಸುವುದು ಇಷ್ಟರಲ್ಲೇ ಅನುರಾಗವನ್ನು ತೋರಿಸಿದ್ದಾರೆ. ತಂದೆ ತಾಯಿಗಳ ಎದುರಿಗೆ ಮಕ್ಕಳು ಕುಳಿತು ನೋಡಲು ಯಾರಿಗೂ ಮುಜುಗರವಾಗದು. ನಮ್ಮ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಎರಡನೆಯದು ಪ್ರಕೃತಿಯ ಬಳಕೆ. ಆಲಂಕಾರಿಕರು ಉದ್ದೀಪನ ವಿಭಾವವೆಂದು ಕರೆದುದನ್ನು ಈ ನಿರ್ದೇಶಕರು ಚೆನ್ನಾಗಿ ಬಲ್ಲರು. ನಮ್ಮ ಕವಿಗಳಿಗೆ ವಿರಹವೆಂದರೆ ಮಳೆಗಾಲ; ಅವರಿಗೆ ಹಿಮಗಾಲ. ನಾಮಿ ಎಂಬ ನದೀದ್ವೀಪದ ಎತ್ತರದ ಮರಸಾಲುಗಳ ನಡುವೆ ಇಬ್ಬರು ಬಾಲರು ನಡೆದುಹೋಗುವ ದೃಶ್ಯ ಕಣ್ಣಿನಲ್ಲಿ ಉಳಿಯುತ್ತದೆ. ಆ ದ್ವೀಪ ಈಗ ಪ್ರವಾಸಿಗರ ಕ್ಷೇತ್ರವಾಗಿದೆ. ಪ್ರೇಮಿಗಳ ಕಂಚಿನ ಪ್ರತಿಮೆಯೂ ಅಲ್ಲಿದೆಯಂತೆ. ದಾರಿ ತಪ್ಪಿದರೆ ಧ್ರುವ ನಕ್ಷತ್ರವನ್ನು ನೋಡು, ಅದು ತನ್ನ ಸ್ಥಾನ ಬಿಡುವುದಿಲ್ಲ ಎಂಬ ಮಾತು ಈ ಕಥೆಯ ಬೆನ್ನೆಲುಬು. ವಿವಾಹದ ರಾತ್ರಿ ವಧೂವರರಿಗೆ ಧ್ರುವನನ್ನು ತೋರಿಸುವ ಸಂಪ್ರದಾಯವಿರುವ ನಾಡಿನವರಿಗೆ ಇದು ಪರಕೀಯವೆನಿಸುವುದು ಹೇಗೆ?

ಮೂರನೆಯದು, ಈ ಕಥೆಯ ಬೇರು ಹಳೆಯದು. ಪ್ರಿಯನು ಪ್ರಿಯೆಯನ್ನು ಮರೆಯುವುದು, ಗುರುತಿನ ವಸ್ತುವೊಂದು ನೆನಪಿನ ಬಾಗಿಲು ತೆರೆಯುವುದು, ಇದು ಶಾಕುಂತಲದ ವಸ್ತುವೇ. ಅಲ್ಲಿ ದೂರ್ವಾಸರ ಶಾಪ, ಇಲ್ಲಿ ವಾಹನದ ಅಪಘಾತ. ಅಲ್ಲಿ ಉಂಗುರ, ಇಲ್ಲಿ ಧ್ರುವ ನಕ್ಷತ್ರದ ಪದಕ. ರೂಪವನ್ನೇ ಕಳೆದುಕೊಂಡ ನಳನನ್ನು ದಮಯಂತಿ ಅಡುಗೆಯ ರುಚಿಯಿಂದ ಗುರುತಿಸಿದ ಕಥೆಯನ್ನು ಕನಕದಾಸರ ಕಾವ್ಯದಿಂದ ಕನ್ನಡಿಗರು ಬಲ್ಲರು. ಮೈಸೂರು ಆಸ್ಥಾನದಲ್ಲಿದ್ದ 'ಅಭಿನವ ಕಾಳಿದಾಸ' ಬಸವಪ್ಪ ಶಾಸ್ತ್ರಿಗಳು (1843–1891) ಶಾಕುಂತಲವನ್ನು ಕನ್ನಡಿಸಿದಾಗ, ಅದು ಪಂಡಿತರ ಮನೆಯಿಂದ ಹೊರಬಂದು ರಂಗದ ಮೇಲೆ ಸಾಮಾನ್ಯರನ್ನೂ ಮುಟ್ಟಿತು. ನಮ್ಮ ಸಮಾಜದ ಆ ಹಿರಿಯರು ಇಂದು ಇದ್ದಿದ್ದರೆ ಈ ಕೊರಿಯಾದ ಕಥೆಯನ್ನು ಕಂಡು, "ಇದು ನಮಗೆ ಗೊತ್ತಿರುವುದೇ" ಎಂದು ನಗುತ್ತಿದ್ದರೇನೋ.

ಆದರೆ ಕೊರಿಯಾದವರಿಗೆ ಈ ವಿಸ್ಮೃತಿ ಮತ್ತು ಪುನರ್ಮಿಲನಗಳು ಬರಿಯ ಕಾವ್ಯವಸ್ತುವಲ್ಲ. 1950ರಿಂದ 1953ರವರೆಗೆ ನಡೆದ ಯುದ್ಧ ಆ ದೇಶದ ವಿಭಜನೆಯನ್ನು ಗಟ್ಟಿಗೊಳಿಸಿತು. ತಾಯಿಯ ಕೈಬಿಟ್ಟು ಹೋದ ಮಕ್ಕಳು, ಗಡಿಯ ಆಚೆ ಈಚೆ ಉಳಿದ ದಂಪತಿಗಳು ಲಕ್ಷಗಟ್ಟಲೆ. 1983ರ ಜೂನ್ 30ರಂದು ಇದೇ ಕೆ.ಬಿ.ಎಸ್. ಸಂಸ್ಥೆ ಅಗಲಿದ ಕುಟುಂಬಗಳನ್ನು ಹುಡುಕಿಕೊಡುವ ಕಾರ್ಯಕ್ರಮವೊಂದನ್ನು ಆರಂಭಿಸಿತು. ಸ್ವಲ್ಪ ಹೊತ್ತಿನದೆಂದು ಯೋಜಿಸಿದ್ದುದು 138 ದಿನ, 453 ಗಂಟೆಗಳಿಗೂ ಮೀರಿ ನಡೆಯಿತು. ಎದೆಯ ಮೇಲೆ ಹೆಸರಿನ ಫಲಕ ಹಿಡಿದು ಜನ ಸಾಲುಗಟ್ಟಿ ನಿಂತರು. ಬಾಲ್ಯದ ಒಂದು ಗಾಯದ ಕಲೆ, ಅಂಗಳದ ಒಂದು ಮರ, ಇಂತಹ ನೆನಪುಗಳಿಂದ ಅಣ್ಣ ತಂಗಿಯರು ಪರಸ್ಪರ ಗುರುತು ಹಿಡಿದರು. ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಕೂಡಿದವು. ಆ ದಾಖಲೆಗಳನ್ನು 2015ರಲ್ಲಿ ಯುನೆಸ್ಕೋ ಜಗತ್ತಿನ ಸ್ಮೃತಿಸಂಪತ್ತಿನ ಪಟ್ಟಿಗೆ ಸೇರಿಸಿತು. ಇದನ್ನು ಅರಿತ ಮೇಲೆ ಆ ಧಾರಾವಾಹಿಗಳ ಕಣ್ಣೀರನ್ನು ಕುರಿತು ಲಘುವಾಗಿ ಮಾತನಾಡಲು ನಾಲಗೆ ಏಳುವುದಿಲ್ಲ.

ನಾಲ್ಕನೆಯ ಗುಣವನ್ನು ನಾವು ಕುಂದಲಹಳ್ಳಿಯ ಮನೆಯಲ್ಲೇ ಕಂಡೆವು. ನಮ್ಮ ಅಕ್ಕನವರಿಗೆ ಎಪ್ಪತ್ತೆರಡು ವರ್ಷ. ಇಂಗ್ಲಿಷು ಬಾರದು, ಕಣ್ಣೂ ಮಂಜು. ತೆರೆಯ ಕೆಳಗೆ ಓಡುವ ಇಂಗ್ಲಿಷಿನ ಸಾಲುಗಳನ್ನು ಕಾಲೇಜಿಗೆ ಹೋಗುವ ಮೊಮ್ಮಗಳು ಓದಿ ಕನ್ನಡದಲ್ಲಿ ಹೇಳಬೇಕು. ಹುಡುಗಿ ಹುಟ್ಟಿ ಬೆಳೆದುದು ಆ ಗಾಜಿನ ಸೌಧಗಳ ನಡುವೆ. ಮಾತಿನಲ್ಲಿ ಅರೆಪಾಲು ಇಂಗ್ಲಿಷು. "ಅವನು ಅವಳನ್ನು ತುಂಬಾ ಮಿಸ್ ಮಾಡ್ಕೊಂಡನಂತೆ ಅಜ್ಜಿ" ಎಂದರೆ ಅಕ್ಕನವರು, "ಹಂಬಲಿಸಿದ ಅನ್ನು ಪುಟ್ಟಿ" ಎಂದು ತಿದ್ದುವರು. ಒಮ್ಮೆ ಅಕ್ಕನವರು ಕೇಳಿದರು: "ಅವನು ಅವಳನ್ನ ನೀವು ಅಂತಾನೋ, ನೀನು ಅಂತಾನೋ?" ಹುಡುಗಿ ತಬ್ಬಿಬ್ಬಾದಳು. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಒಂದೇ ಶಬ್ದ. ಆದರೆ ಕೊರಿಯನ್ ಭಾಷೆಯಲ್ಲಿ ಕನ್ನಡದಂತೆಯೇ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಆ ಕ್ರಿಯಾಪದದಲ್ಲೇ ಹಿರಿಯರಿಗೆ ಒಂದು ರೂಪ, ಸಮಾನರಿಗೆ ಒಂದು ರೂಪ ಇರುತ್ತದೆ. ಅಂದಿನಿಂದ ಹುಡುಗಿ ಕಿವಿಗೊಟ್ಟು ಆಲಿಸಿ, ಎಲ್ಲಿ ಬಹುವಚನ ಎಲ್ಲಿ ಏಕವಚನ ಎಂದು ತೂಗಿ ಹೇಳತೊಡಗಿದಳು. ಇಪ್ಪತ್ತು ಕಂತು ಮುಗಿಯುವ ವೇಳೆಗೆ ಅವಳ ಕನ್ನಡ ಅಜ್ಜಿಯ ಕನ್ನಡದ ಹತ್ತಿರ ಬಂದಿತ್ತು. ಯಾವ ಪಾಠಶಾಲೆಯೂ ಇಷ್ಟು ಬೇಗ ಈ ಕೆಲಸ ಮಾಡಲಾರದು.

ಇನ್ನು ದೋಷಗಳು. ಮಠದ ಸಂಸ್ಕೃತ ಪಾಠಶಾಲೆಯಲ್ಲಿ ನಮಗೆ ಕಾವ್ಯಪ್ರಕಾಶವನ್ನು ಪಾಠ ಹೇಳಿದ ಗುರುಗಳು ರಸದೋಷಗಳ ಪ್ರಕರಣಕ್ಕೆ ಬಂದಾಗ ಬಹಳ ನಿಧಾನವಾಗಿ ನಡೆಸುತ್ತಿದ್ದರು. ಒಂದೇ ರಸವನ್ನು ಮತ್ತೆ ಮತ್ತೆ ಉರಿಸುವುದು ದೋಷವೆಂದು ಮಮ್ಮಟನು ಹೇಳಿ, ಕುಮಾರಸಂಭವದ ರತಿವಿಲಾಪವನ್ನೇ ಅದಕ್ಕೆ ಉದಾಹರಿಸುತ್ತಾನೆ. ಕಾಳಿದಾಸನನ್ನೂ ಬಿಡದ ಈ ನಿಯಮ ಕೊರಿಯಾದ ಕಥೆಗಾರರನ್ನು ಬಿಡುವುದುಂಟೆ? ಈ ಧಾರಾವಾಹಿಯಲ್ಲಿ ನಾಯಕಿ ಅಳದ ಕಂತಿಲ್ಲ. ಅತ್ತ ಕಣ್ಣು ಆರುವ ಮುನ್ನ ಇನ್ನೊಂದು ಅಳುವಿನ ಕಾರಣ ಬಾಗಿಲಲ್ಲಿ ನಿಂತಿರುತ್ತದೆ. ಹೂವನ್ನು ಮೂಸುತ್ತಲೇ ಇದ್ದರೆ ಬಾಡುವಂತೆ, ಕರುಣವೂ ಕೈಯಾಡಿಸಿದಷ್ಟೂ ಬಾಡುತ್ತದೆ. ಒಂದು ಅಪಘಾತದಿಂದ ನೆನಪು ಹೋಗಿ ಇನ್ನೊಂದರಿಂದ ಬರುವುದು, ಬೇಕಾದಾಗಲೆಲ್ಲ ಬೇಕಾದವರು ಬಾಗಿಲ ಮರೆಯಲ್ಲಿ ನಿಂತು ಮಾತು ಕೇಳಿಸಿಕೊಳ್ಳುವುದು, ಇವು ಕಥೆಯೊಳಗಿಂದ ಹುಟ್ಟಿದ ಘಟನೆಗಳಲ್ಲ. ಕಥೆಯನ್ನು ಎಳೆಯಲು ಕಟ್ಟಿದ ಹಗ್ಗಗಳು. ಹಾಗಿದ್ದರೂ ಇಪ್ಪತ್ತಕ್ಕೆ ಮುಗಿಸಿದರೆಂಬುದು ಸಮಾಧಾನ. ನಮ್ಮ ಕನ್ನಡದ ವಾಹಿನಿಗಳಲ್ಲಿ ಸಾವಿರ ಕಂತು ದಾಟಿದವೂ ಉಂಟು.

ಎರಡನೆಯ ದೋಷ ಇದಕ್ಕಿಂತ ಗಂಭೀರ. ನಿಶ್ಚಿತಾರ್ಥವಾದ ಸಾಂಗ್-ಹ್ಯೋಕನು, ಯೂ-ಜಿನ್‌ಳ ಮನಸ್ಸು ತನ್ನಲ್ಲಿಲ್ಲವೆಂದು ತಿಳಿದ ಮೇಲೆ, ಅನ್ನಾಹಾರ ಬಿಟ್ಟು ಆಸ್ಪತ್ರೆಯಲ್ಲಿ ಮಲಗುತ್ತಾನೆ. ಅವಳು ಕನಿಕರದಿಂದ ಮರಳಿ ಬರುತ್ತಾಳೆ. ಕಥೆ ಇದನ್ನು ಪ್ರೇಮದ ಆಳವೆಂಬಂತೆ ತೋರಿಸುತ್ತದೆ. ಇದು ಪ್ರೇಮವಲ್ಲ, ಬಲಾತ್ಕಾರದ ಸೌಮ್ಯರೂಪ. ಒಬ್ಬಳ ಕನಿಕರವನ್ನು ಒತ್ತೆಯಿಟ್ಟುಕೊಂಡು ಅವಳ ಬಾಳನ್ನು ಕೇಳುವುದು ಅಧರ್ಮ. "ನೀನಿಲ್ಲದಿದ್ದರೆ ಸಾಯುತ್ತೇನೆ" ಎಂಬ ಮಾತಿಗೆ ಹೆದರಿ ತಮ್ಮ ಮಾತನ್ನು ಹಿಂತೆಗೆದುಕೊಂಡ ಹೆಣ್ಣುಮಕ್ಕಳು ನಮ್ಮ ಕುಟುಂಬಗಳಲ್ಲೂ ಇದ್ದಾರೆ. ಅವರ ಎದುರಿಗೆ ಇಂತಹ ದೃಶ್ಯ ಬಂದಾಗ ಹಿರಿಯರಾದವರು ಸುಮ್ಮನಿರಬಾರದು. "ಇದು ತಪ್ಪು, ನಿನಗೆ ಯಾರಾದರೂ ಹೀಗೆ ಮಾಡಿದರೆ ಮನೆಗೆ ಬಂದು ಹೇಳು" ಎಂದು ಬಾಯಿಬಿಟ್ಟು ಹೇಳಬೇಕು.

ಮೂರನೆಯದಾಗಿ, ಈ ಕಥೆ ಮದುವೆಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಕುರುಡನಾದ ಪ್ರಿಯನನ್ನು ಪ್ರಿಯೆ ಸೇರಿದಳು, ತೆರೆ ಬಿದ್ದಿತು. ಆದರೆ ನಿಜವಾದ ಕಥೆ ಅಲ್ಲಿಂದಲ್ಲವೆ ಆರಂಭವಾಗುವುದು? ಮರುದಿನ ಬೆಳಗ್ಗೆ ಅವನಿಗೆ ಬಚ್ಚಲಿನ ದಾರಿ ತೋರುವವರು ಯಾರು? ಅವನ ಉದ್ಯೋಗ ಏನಾಯಿತು? ಅವನಿಗಾಗಿ ಇಷ್ಟು ಸುಳ್ಳು ಹೇಳಿದ ಅತ್ತೆಯೊಡನೆ ಅವಳು ಹೇಗೆ ಬಾಳಿದಳು? ನಮ್ಮ ತ್ರಿವೇಣಿಯವರ 'ಶರಪಂಜರ' ವಿವಾಹಿತೆಯ ಮನಸ್ಸು ಒಡೆದಾಗ ಸಂಸಾರವೇ ಹೇಗೆ ಅವಳಿಗೆ ಪಂಜರವಾಯಿತೆಂಬುದನ್ನು ತೋರಿಸಿತು; 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿದಾಗ ಕನ್ನಡದ ಗೃಹಿಣಿಯರು ತಮ್ಮದೇ ಕಥೆಯೆಂಬಂತೆ ನೋಡಿದರು. ಅದೂ ಅಳಿಸುವ ಕಥೆಯೇ. ಆದರೆ ಅತ್ತ ಮೇಲೆ ನೋಡಿದವರು ತಮ್ಮ ಮನೆಯ ಕಡೆಗೆ ತಿರುಗಿ ನೋಡುವಂತೆ ಮಾಡಿತು. ಕೊರಿಯಾದ ಕಥೆಯ ಪ್ರೇಮಿಗಳು ವಾಸ್ತುಶಿಲ್ಪಿಗಳು, ಅಲಂಕಾರ ತಜ್ಞರು. ಆದರೂ ಅವರ ಕಾಯಕ ಕಥೆಗೆ ಬರಿಯ ಹಿನ್ನೆಲೆ. ದುಡಿಮೆಯ ದಣಿವು, ತಿಂಗಳ ಕೊನೆಯ ಲೆಕ್ಕ, ತಡರಾತ್ರಿಯ ಮೌನ ಇವು ಯಾವುವೂ ಅಲ್ಲಿ ಪ್ರೇಮವನ್ನು ಪರೀಕ್ಷಿಸುವುದಿಲ್ಲ. ರಾತ್ರಿ ಹತ್ತು ಗಂಟೆಗೆ ಕಚೇರಿಯಿಂದ ಬಂದು ಗಣಕಯಂತ್ರದ ಮುಂದೆ ಮತ್ತೆ ಕೂರುವ ದಂಪತಿಗಳಿಗೆ ಈ ಪ್ರೇಮ ಕನಸಾಗಬಹುದು, ಮಾದರಿಯಾಗಲಾರದು.

ನಾಲ್ಕನೆಯ ದೋಷವೇ ಎಲ್ಲಕ್ಕಿಂತ ದೊಡ್ಡದು. ಅದು ಮರೆಮಾಚುವಿಕೆಯ ವೈಭವೀಕರಣ. ತಾಯಿ ಮಗನ ಜನ್ಮವೃತ್ತಾಂತವನ್ನು ಮುಚ್ಚಿಡುತ್ತಾಳೆ. ಕೊರಿಯಾದಲ್ಲಿ ಒಂದೇ ಮೂಲದ ಒಂದೇ ಕುಲನಾಮದವರು ಮದುವೆಯಾಗಬಾರದೆಂಬ ಕಾನೂನೇ ಬಹುಕಾಲ ಇದ್ದಿತು. 1997ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ, 2005ರಲ್ಲಿ ಶಾಸನ ತಿದ್ದಲಾಯಿತು. ಬೆಡಗು ನೋಡಿ ಸಂಬಂಧ ಕೂಡಿಸುವ ನಮ್ಮವರಿಗೆ ಈ ಕಳವಳ ಅರ್ಥವಾಗುತ್ತದೆ. ವಂಶದ ಬಗ್ಗೆ ಅಷ್ಟು ಎಚ್ಚರವಿರುವ ಸಮಾಜದಲ್ಲಿ ತಾಯಿಯ ಒಂದು ಸುಳ್ಳು ಎರಡು ಜೀವಗಳನ್ನು ಸುಡಬಲ್ಲದು. ಕಥೆ ತಾಯಿಯ ಸುಳ್ಳನ್ನು ಖಂಡಿಸುತ್ತದೆ, ಸರಿ. ಆದರೆ ಮಗನು ತನ್ನ ಕಾಯಿಲೆಯನ್ನು ಪ್ರಿಯೆಯಿಂದ ಮರೆಮಾಚಿದಾಗ ಅದನ್ನೇ ತ್ಯಾಗವೆಂದು ಹೊಗಳುತ್ತದೆ. ತಾಯಿ ಮಾಡಿದರೆ ಪಾಪ, ಮಗ ಮಾಡಿದರೆ ಪುಣ್ಯವೆ?

ಇದು ನಮ್ಮ ಶಾಸ್ತ್ರಜ್ಞಾನಕ್ಕೆ ಹೊಳೆದ ಮಾತಲ್ಲ. ಅಕ್ಕನವರು ಆಡಿದ ಮಾತು. ಹತ್ತೊಂಬತ್ತನೆಯ ಕಂತು ನೋಡಿದ ರಾತ್ರಿ ಮೊಮ್ಮಗಳು ಅಳುತ್ತ, "ಎಷ್ಟು ಒಳ್ಳೆಯವನಲ್ವಾ ಅಜ್ಜಿ, ಅವಳಿಗೆ ನೋವಾಗಬಾರದು ಅಂತ ಹೇಳದೇ ಹೋದ" ಎಂದಳು. ಅಕ್ಕನವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಏನು ಒಳ್ಳೆಯವನು? ಅವಳ ಪಾಲಿನ ದುಃಖಾನ ಇವನು ಕದ್ದ. ಹೇಳಿದ್ದಿದ್ರೆ ಅವಳು ಪಕ್ಕದಲ್ಲಿ ಕೂತು ಕೈ ಹಿಡ್ಕೊಂಡಿರ್ತಿದ್ಳು. ಒಬ್ಬನೇ ಕತ್ತಲಿಗೆ ಹೋಗೋದು ತಪ್ತಿತ್ತು." ಆಮೇಲೆ ಮಗನ ಕಡೆಗೆ ತಿರುಗಿ, "ನನ್ನ ಕಣ್ಣಿನ ವಿಷಯಾನೂ ನೀವು ಹಾಗೇ ಮಾಡಿದ್ದೀರಿ. ಡಾಕ್ಟರು ನಿನ್ನ ಪಕ್ಕಕ್ಕೆ ಕರೆದಾಗಲೇ ನನಗೆ ಗೊತ್ತಾಯ್ತು" ಎಂದರು.

ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಅಕ್ಕನವರಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡದಿಂದ ನರ ಸೊರಗುತ್ತ, ದೃಷ್ಟಿ ಅಂಚಿನಿಂದ ಒಳಕ್ಕೆ ಕಿರಿದಾಗುತ್ತ ಬರುವ ರೋಗ. ಹೋದ ದೃಷ್ಟಿ ಮರಳದು. ಹನಿಮದ್ದು ತಪ್ಪದೆ ಹಾಕಿದರೆ ಉಳಿದುದನ್ನು ಬಹುಮಟ್ಟಿಗೆ ಕಾಯಬಹುದು. ಮನೆಯವರು ಇದನ್ನು ಐದು ತಿಂಗಳಿನಿಂದ ಅರಿತಿದ್ದರು. ಮುದುಕಿ ಎದೆಗುಂದಬಾರದೆಂದು, "ಪೊರೆ ಬಂದಿದೆ, ಹನಿ ಹಾಕಿದರೆ ಸರಿಹೋಗುತ್ತದೆ" ಎಂದಿದ್ದರು. ನಮಗೂ ಅಂದೇ ತಿಳಿದುದು. ಸರಿಹೋಗುವ ಕಾಯಿಲೆಯೆಂದು ಹೇಳಿದ್ದುದರಿಂದ ಅಕ್ಕನವರು ಹನಿ ಹಾಕಿಕೊಳ್ಳುವುದನ್ನು ಆಗಾಗ ತಪ್ಪಿಸುತ್ತಿದ್ದರು. "ಹೇಗೂ ಗುಣವಾಗುತ್ತಿಲ್ಲವಲ್ಲ" ಎಂಬುದು ಅವರ ತರ್ಕ. ಪ್ರೀತಿಯಿಂದ ಹೇಳಿದ ಸುಳ್ಳು ಉಳಿದ ಬೆಳಕನ್ನೂ ಕದಿಯುತ್ತಿತ್ತು.

ಸೊಸೆ ಎದ್ದು ಬಂದು ಅತ್ತೆಯ ಕಾಲ ಬಳಿ ಕುಳಿತಳು. "ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ ಅತ್ತೆ" ಎಂದಳು. ಅಕ್ಕನವರು ಅವಳ ತಲೆ ಸವರಿ, "ಈಗ ಹೇಳು" ಎಂದರು. ಆ ರಾತ್ರಿ ವೈದ್ಯರ ಮಾತನ್ನೆಲ್ಲ ಮೊಮ್ಮಗಳೇ, ಧಾರಾವಾಹಿಯನ್ನು ಹೇಳುತ್ತಿದ್ದಂತೆಯೇ, ಸಾಲು ಸಾಲಾಗಿ ಕನ್ನಡದಲ್ಲಿ ಅಜ್ಜಿಗೆ ಹೇಳಿದಳು. ಹನಿಮದ್ದಿನ ವೇಳೆಯನ್ನು ನೋಡಿಕೊಳ್ಳುವ ಹೊಣೆಯನ್ನೂ ಅವಳೇ ವಹಿಸಿಕೊಂಡಳು.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಈ ಧಾರಾವಾಹಿಗಳನ್ನು ಮನೆಯಿಂದ ಹೊರಗಟ್ಟುವ ಪ್ರಯತ್ನ ಬೇಡ. ಅಂಗೈಯ ದೂರವಾಣಿಯಲ್ಲಿ ಬರುವುದನ್ನು ಅಗಳಿ ಹಾಕಿ ತಡೆಯಲಾಗದು. ಆದರೆ ಒಬ್ಬೊಬ್ಬರೇ ಮೂಲೆಯಲ್ಲಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು ನೋಡುವ ಅಭ್ಯಾಸವನ್ನು ಮಾತ್ರ ತಪ್ಪಿಸಿರಿ. ಒಬ್ಬರೇ ಅತ್ತ ಕಣ್ಣೀರು ಮನಸ್ಸನ್ನು ತೇವಗೊಳಿಸಿ ಬಿಟ್ಟುಬಿಡುತ್ತದೆ. ನಾಲ್ವರು ಕೂಡಿ ಅತ್ತರೆ ಮಾತು ಹುಟ್ಟುತ್ತದೆ. ವಾರಕ್ಕೆ ಎರಡು ಕಂತಿನ ಮಿತಿ ಇಟ್ಟುಕೊಳ್ಳಿರಿ. ಹಿರಿಯರೂ ಜೊತೆಯಲ್ಲಿ ಕುಳಿತುಕೊಳ್ಳಿರಿ. ಭಾಷೆ ಬಾರದಿದ್ದರೆ ಮಕ್ಕಳಿಂದ ಹೇಳಿಸಿಕೊಳ್ಳಿರಿ, ಅದರಿಂದ ಅವರ ಕನ್ನಡವೂ ಉಳಿಯುತ್ತದೆ. ಕಥೆ ಮುಗಿದ ಮೇಲೆ ಕಾಲು ಗಂಟೆ ಅದರ ಬಗ್ಗೆ ಮಾತನಾಡಿರಿ: ಯಾರು ಮಾಡಿದ್ದು ಸರಿ, ಯಾರು ಮಾಡಿದ್ದು ತಪ್ಪು, ನಮ್ಮ ಮನೆಯಲ್ಲಾದರೆ ಏನು ಮಾಡುತ್ತಿದ್ದೆವು ಎಂದು. ಹಿಂದೆ ಪುರಾಣ ಪ್ರವಚನ ಕೇಳಿ ಮನೆಗೆ ನಡೆದು ಬರುವ ದಾರಿಯಲ್ಲಿ ನಮ್ಮ ಹಿರಿಯರು ಮಾಡುತ್ತಿದ್ದುದು ಇದನ್ನೇ.

ಇನ್ನೊಂದು ಮಾತು. ಧಾರಾವಾಹಿಯ ಲೇಖಕರಿಗೆ ಗುಟ್ಟು ಬೇಕು. ಗುಟ್ಟಿಲ್ಲದಿದ್ದರೆ ಇಪ್ಪತ್ತು ಕಂತು ಓಡುವುದಿಲ್ಲ. ಸಂಸಾರಕ್ಕೆ ಗುಟ್ಟು ಬೇಡ. ಕಾಯಿಲೆಯಾಗಲಿ, ಸಾಲವಾಗಲಿ, ಕೈತಪ್ಪಿದ ಉದ್ಯೋಗವಾಗಲಿ, ಮಗಳ ಮನಸ್ಸಿನಲ್ಲಿರುವ ಹುಡುಗನ ಹೆಸರಾಗಲಿ, ಅದು ಮೊದಲ ಕಂತಿನಲ್ಲೇ ನಡುಮನೆಗೆ ಬರಲಿ. ಕೇಳಿದವರು ಒಂದು ದಿನ ಅತ್ತಾರು, ಎರಡು ದಿನ ಮುನಿದಾರು. ಮೂರನೆಯ ದಿನ ಜೊತೆಗೆ ನಿಲ್ಲುತ್ತಾರೆ.